ಹತ್ತು ಮಂದಿ, ಹತ್ತಿ, ಬಸ್ಸು: ಮಕ್ಕಳ ಕತೆಯೊಳಗಿನ ಮಾತಿನಾಟ

ಕಾಳಗಿಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ಕಂತನ್ನ ಒಂದು ವಾಕ್ಯದಿಂದ ಶುರು ಮಾಡೋಣ. "ಹತ್ತು ಮಂದಿ ಹತ್ತಿ ಬಿಡಿಸೋರು ಬಸ್ ಹತ್ತಲಿಕ್ಕೆ ಹತ್ತ್ಯಾರ."

ನಮ್ಮ ಕಡೆಯವರಿಗೆ ಇದರಾಗ ವಿಶೇಷ ಏನೂ ಕಾಣ್ಲಿಕ್ಕಿಲ್ಲ. ಆದರೆ ಎಣಿಸಿ ನೋಡ್ರಿ. ಮೊದಲನೇದು ಸಂಖ್ಯೆ, ಎರಡನೇದು ಬೆಳೆ, ಮೂರನೇದು ಏರೋದು, ನಾಲ್ಕನೇದು ಕೆಲಸ ನಡೆದದ ಅನ್ನೋದು. ಬಿ.ಕಾಂ ಓದಿದವನ ಲೆಕ್ಕದಲ್ಲಿ ಹೇಳೋದಾದ್ರೆ, ಬಂಡವಾಳ ಒಂದು, ಲಾಭ ನಾಲ್ಕು. ಈಗ ಇದನ್ನೇ ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿ: "ಬಸ್ ಹತ್ತುತ್ತಿದ್ದಾರೆ." ನಾಲ್ಕರಲ್ಲಿ ಒಂದು ಕಳೆದೇ ಹೋಯ್ತು. ಮಕ್ಕಳಿಗೆ ಮಾತಿನ ಆಟ ಕಲಿಸೋ ಕತೆಗಳು ಕನ್ನಡದಲ್ಲಿ ಹೇಗೆ ಬಂದವು, ಆ ಕಳೆದುಹೋದ ಒಂದು "ಹತ್ತು" ಎಲ್ಲಿ ಉಳೀತು ಅನ್ನೋದೇ ಇವತ್ತಿನ ವಿಷಯ.

ಇತಿಹಾಸ ಶುರುವಾಗೋದು ನಮ್ಮ ಪಕ್ಕದ ಸೇಡಂ ತಾಲ್ಲೂಕಿನಿಂದಲೇ. ಕಾಗಿಣಾ ದಂಡೆಯ ಮಳಖೇಡ ಅಂದ್ರೆ ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು ಕ್ರಿ.ಶ. 850ರಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು 'ಕವಿರಾಜಮಾರ್ಗ'. ಬರೆದವನು ಶ್ರೀವಿಜಯ ಅಂತ ಹೆಚ್ಚಿನ ವಿದ್ವಾಂಸರು ಒಪ್ತಾರೆ. ನಮಗೆ ಸಿಕ್ಕಿರೋ ಕನ್ನಡ ಗ್ರಂಥಗಳಲ್ಲಿ ಇದೇ ಮೊದಲನೇದು. ಇದರ ಮೂರು ಭಾಗಗಳಲ್ಲಿ ಎರಡನೇದು ಪೂರ್ತಿ ಶಬ್ದಾಲಂಕಾರದ್ದು, ಅಂದ್ರೆ ಶಬ್ದದ ಆಟದ್ದು.

ಅದಕ್ಕಿಂತ ದೊಡ್ಡ ಮಾತು ಮೊದಲ ಭಾಗದಲ್ಲಿದೆ. ಓದಿದವರಷ್ಟೇ ಅಲ್ಲ, ಉಳಿದವರೂ ತಮ್ಮ ತಮ್ಮ ನುಡಿಯಲ್ಲಿ ಜಾಣರೇ, ಸಣ್ಣ ಮಕ್ಕಳು ಕೂಡ ಅಂತ ಅಲ್ಲಿ ಹೇಳ್ತಾರೆ. ಕನ್ನಡ ಒಂದಲ್ಲ, ಹಲವು. ದೇಸಿಗಳು ಬೇರೆ ಬೇರೆ ಇರೋದ್ರಿಂದ ಯಾವುದು ತಪ್ಪು ಅಂತ ನಿರ್ಧರಿಸೋಕೆ ಹೊರಟರೆ ವಾಸುಕಿಗೂ ಬೇಸರ ಬಂದೀತು ಅಂತಲೂ ಹೇಳ್ತಾರೆ. ಕೆಂಪು ಪೆನ್ನು ಹಿಡಿದವರು ಇದನ್ನ ಒಮ್ಮೆ ಓದಬೇಕು.

ಆಸ್ಥಾನ ಹೋಯ್ತು, ರಾಜರು ಹೋದ್ರು. ಆಟ ಮಾತ್ರ ಮನೆಯೊಳಗೆ ಉಳೀತು. ಒಗಟು ಉಳೀತು, ಒಡಪು ಉಳೀತು. ಮದುವೆಯಲ್ಲಿ ಹೊಸ ಮದಲಗಿತ್ತಿಯನ್ನ ಬಾಗಿಲಲ್ಲಿ ತಡೆದು, "ಗಂಡನ ಹೆಸರು ಹೇಳವ್ವಾ, ಆಮ್ಯಾಲೆ ಒಳಗ ಬಾ" ಅಂತಾರಲ್ಲ, ಆಗ ಆಕೆ ಪ್ರಾಸ ಕೂಡಿಸಿ ಹೆಸರನ್ನ ಕೊನೆಗೆ ತಂದು ಜೋಡಿಸ್ತಾಳೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರೂ ಇದನ್ನ ಸಲೀಸಾಗಿ ಕಟ್ತಿದ್ರು. ಸುತ್ತ ಕೂತ ಮಕ್ಕಳು ಕೇಳಿ ಕಲೀತಿದ್ರು. ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ.

ಪುಸ್ತಕ ಬರೋ ಹೊತ್ತಿಗೆ ನಾವು ಹೈದರಾಬಾದ್ ನಿಜಾಮರ ಆಡಳಿತದಲ್ಲಿದ್ವಿ. ಕಚೇರಿ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಮುಂದೆ ಬರಬೇಕಾದ್ರೆ ಉರ್ದು ಬೇಕು. ಕನ್ನಡ ಮನೆ ಮಾತು ಅಷ್ಟೇ. ಹಾಗಾಗಿ ಆಧುನಿಕ ಮಕ್ಕಳ ಕತೆ ಹುಟ್ಟಿದ್ದು ಬೇರೆ ಕಡೆ.

ಕರಾವಳಿಯಲ್ಲಿ ಪಂಜೆ ಮಂಗೇಶರಾಯರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು, ಮೇಷ್ಟ್ರಾಗಿ, ಶಾಲಾ ಇನ್‌ಸ್ಪೆಕ್ಟರ್ ಆಗಿ ಮಕ್ಕಳ ಜೊತೆಗೇ ಬದುಕಿದವರು. ಅವರ ಕತೆಗಳ ಹೆಸರು ಕೇಳಿದ್ರೇ ಗೊತ್ತಾಗ್ತದೆ: 'ಗುಡುಗುಡು ಗುಮ್ಮಟ ದೇವರು', 'ಇಲಿಗಳ ಥಕಥೈ'. ಅರ್ಥಕ್ಕಿಂತ ಮುಂಚೆ ಸದ್ದು ಬರ್ತದೆ, ನಗು ಬರ್ತದೆ. ಇದೇ ಪಂಜೆಯವರು 1934ರಲ್ಲಿ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ್ರು. ರಾಯಚೂರು ಆಗ ನಿಜಾಮರದ್ದು. ಉರ್ದು ಆಳುವ ನೆಲದಲ್ಲಿ ಕನ್ನಡದ ದೊಡ್ಡ ಕುರ್ಚಿಗೆ ಮಕ್ಕಳ ಮೇಷ್ಟ್ರು ಬಂದು ಕೂತಿದ್ದು ನನಗಂತೂ ಸಣ್ಣ ಸಂಗತಿ ಅನಿಸೋದಿಲ್ಲ.

ಮೈಸೂರಿನಲ್ಲಿ ನಾ. ಕಸ್ತೂರಿ. ಹುಟ್ಟಿದ್ದು ಕೇರಳದಲ್ಲಿ, ನಗಿಸಿದ್ದು ಕನ್ನಡದಲ್ಲಿ. ಶಬ್ದಗಳಿಗೆ ಬೇಕಂತಲೇ ತಪ್ಪು ಅರ್ಥ ಕೊಡೋ 'ಅನರ್ಥಕೋಶ' ಅವರದ್ದೇ. ಮಕ್ಕಳಿಗಾಗಿ ಅವರು ಲೂಯಿಸ್ ಕ್ಯಾರಲ್‌ನ 'ಆಲಿಸ್' ಕತೆಯನ್ನ ಕನ್ನಡಕ್ಕೆ ತಂದ್ರು. 1865ರ ಆ ಇಂಗ್ಲಿಷ್ ಪುಸ್ತಕದ ಜೀವವೇ ಶ್ಲೇಷೆ. ಅದರಲ್ಲೊಂದು ಇಲಿ ತನ್ನ ಕತೆ ಹೇಳ್ತೀನಿ ಅಂತದೆ, ಹುಡುಗಿ ಅದರ ಬಾಲ ನೋಡ್ತಾಳೆ. ಯಾಕಂದ್ರೆ ಇಂಗ್ಲಿಷಿನಲ್ಲಿ ಕತೆಗೂ ಬಾಲಕ್ಕೂ ಉಚ್ಚಾರ ಒಂದೇ. ಇದನ್ನ ಕನ್ನಡಕ್ಕೆ ಶಬ್ದಕ್ಕೆ ಶಬ್ದ ತಂದ್ರೆ ಆಟ ಸತ್ತೇ ಹೋಗ್ತದೆ. ಕನ್ನಡದ ಆಟ ಕನ್ನಡದೊಳಗಿಂದಲೇ ಹುಟ್ಟಬೇಕು. ನಮ್ಮಲ್ಲಿ "ಬಾಲ" ಅಂದ್ರೆ ಬಾಲವೂ ಹೌದು, ಮಗುವೂ ಹೌದು. ಬಾಲವಾಡಿ ಅಂದ್ರೆ ಮಂಗಗಳ ಶಾಲೆ ಅಂತ ಒಂದು ಮಗು ತಿಳ್ಕೊಂಡ್ರೆ ಅಲ್ಲೇ ಒಂದು ಕತೆ ಶುರು. ಕಸ್ತೂರಿಯವರಿಗೆ ಈ ಗುಟ್ಟು ಗೊತ್ತಿತ್ತು. ಅವರ ಪುಸ್ತಕದ ಹೆಸರಿನಲ್ಲಿ ಆಲಿಸ್ ಇಲ್ಲವೇ ಇಲ್ಲ. ಅದು 'ಪಾತಾಳದಲ್ಲಿ ಪಾಪಚ್ಚಿ'.

ನಮ್ಮ ಭಾಗದಿಂದ ಎದ್ದು ಬಂದವರು ಸಿದ್ದಯ್ಯ ಪುರಾಣಿಕರು, ಕಾವ್ಯಾನಂದ. ಹುಟ್ಟಿದ್ದು ಅದೇ 1918ರಲ್ಲಿ, ಈಗಿನ ಕೊಪ್ಪಳ ಜಿಲ್ಲೆಯ ದ್ಯಾಂಪುರದಲ್ಲಿ. ಹೈದರಾಬಾದ್ ಸರ್ಕಾರದ ನೌಕರಿ ಮಾಡಿ, ಮುಂದೆ ಐಎಎಸ್ ಅಧಿಕಾರಿಯಾದವರು. ಉರ್ದುವಿನಲ್ಲೂ ಪಂಡಿತರು. ಅಷ್ಟಾದ್ರೂ ಮಕ್ಕಳಿಗೆ ಬರೆದಾಗ ಮನೆಯ ಕನ್ನಡಕ್ಕೇ ಬಂದ್ರು. ಒಂದು ಸಂಕಲನದ ಹೆಸರೇ 'ತುಪ್ಪಾ ರೊಟ್ಟಿ ಗೇ ಗೇ ಗೇ'. 1987ರ ಕಲಬುರಗಿ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2020ರಲ್ಲಿ ಅದೇ ಕಲಬುರಗಿಯಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ, 'ಚಿನ್ನಾರಿ ಮುತ್ತ'ದ ಹಾಡುಗಳನ್ನ ಬರೆದವರು. ಅಂದ್ರೆ ಈ ಸೀಮೆಯ ಮೂರು ಸಮ್ಮೇಳನಗಳಲ್ಲಿ ಅಧ್ಯಕ್ಷರ ಕುರ್ಚಿ ಮಕ್ಕಳಿಗೆ ಬರೆದವರಿಗೇ ಸಿಕ್ಕಿದೆ.

ಜಮಾ ಇಷ್ಟು. ಬಾಕಿ ಏನು? ಆ ನಾಲ್ಕನೇ "ಹತ್ತು". ನನ್ನ ಕೈಗೆ ಬಂದ ಮಕ್ಕಳ ಪುಸ್ತಕಗಳಲ್ಲಿ ಅದು ಸಿಗಲಿಲ್ಲ. ಮೈಸೂರಿನ ಮಗುವಿಗೆ ತನ್ನ ಮನೆಯ ಮುದ್ದುಮಾತಿನ ಪಾಪಚ್ಚಿ ಸಿಕ್ಕಳು. ಕಾಳಗಿ, ಚಿಂಚೋಳಿ, ವಾಡಿಯ ಮಗುವಿಗೆ ತನ್ನ ಮಾತು ಬೈಸಿಕೊಳ್ಳೋ ಮಾತಾಗಿಯೇ ಉಳೀತು. ತನ್ನ ಮಾತಿನಲ್ಲಿ ಆಟ ಆಡಬಹುದು ಅಂತ ಗೊತ್ತಾದ ಮಗು ಆ ಮಾತಿಗೆ ನಾಚೋದಿಲ್ಲ. ಆಟ ಆಡೋಕೆ ಬಿಡದೆ ಬರೀ ತಿದ್ದಿದ್ರೆ ಮಗು ಸುಮ್ಮನಾಗ್ತದೆ. ವ್ಯತ್ಯಾಸ ಇಷ್ಟೇ, ಆದರೆ ಇದು ಭಾಳ ದೊಡ್ಡದು.

ಸರಕು ನಮ್ಮಲ್ಲಿ ಬೇಕಾದಷ್ಟಿದೆ. ಸೇಡಂ ಕಡೆ ಕನ್ನಡ, ತೆಲುಗು, ಉರ್ದು ಒಂದೇ ಓಣಿಯಲ್ಲಿ ಇರ್ತಾವೆ. ತೆಲುಗಿನಲ್ಲಿ ಪಾಲು ಅಂದ್ರೆ ಹಾಲು. ಹುಡುಗ "ನನ್ನ ಪಾಲು ಕೊಡು" ಅಂದ್ರೆ ತೆಲುಗು ಮನೆಯ ಅಜ್ಜಿ ಲೋಟ ತುಂಬ ಹಾಲು ತರ್ತಾಳೆ. ಪಕ್ಕದ ಮನೆ ಚಾಚಾ "ಕ್ಯಾ ಹಾಲ್ ಹೈ" ಅಂತ ಕೇಳಿದ್ರೆ ಹುಡುಗ "ಹಾಲು ಒಡದದ ಚಾಚಾ" ಅಂತಾನೆ. ಉರ್ದುವಿನ "ಕಲ್" ಅಂದ್ರೆ ನಿನ್ನೆಯೂ ಹೌದು, ನಾಳೆಯೂ ಹೌದು. ಶಹಾಬಾದದ ಹುಡುಗನಿಗೆ ಅದು ಅಂಗಳಕ್ಕೆ ಹಾಸಿದ ಕಲ್ಲು. ಮೂರು ಭಾಷೆ ಕೇಳಿ ಬೆಳೆದ ಮಗುವಿಗೆ ಮಾತ್ರ ಹೊಳೆಯೋ ಜೋಕುಗಳಿವು. ಬರೆಯೋರು ಬೇಕು ಅಷ್ಟೇ.

ಇವತ್ತಿನ ಕಂತು ಇಲ್ಲಿಗೆ ಮುಗೀತು. ನಿಮ್ಮ ಮನೆಯ ಹಿರಿಯರಿಗೆ ಬರೋ ಒಂದು ಒಡಪು, ಒಂದು ಒಗಟನ್ನ ಈ ವಾರವೇ ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ರಿ. ತಿದ್ದಬೇಡ್ರಿ, ಅವರು ಹೇಳಿದ ಹಾಗೇ ಇರಲಿ. ಮಕ್ಕಳಿಗೆ ಕೇಳಿಸ್ರಿ. ಮತ್ತೆ ಸಿಗೋಣ, ಬರ್ತೀನ್ರಿ.