ಬಿನಶೇತ್ಕಿ

ಹುಬ್ಬಳ್ಳಿ-ಧಾರವಾಡ ಕಡೆಯ ಹಳೆಯ ಪತ್ರಿಕೆಗಳಲ್ಲಿ ಜಾಗೆ ಮಾರುವ ಜಾಹೀರಾತಿಗೆ ಒಂದು ಸಿದ್ಧ ಒಕ್ಕಣೆ ಇತ್ತು. ಮೌಜೆ ಗಬ್ಬೂರ, ರಿ.ಸ.ನಂ. ಇಷ್ಟರ ಪೈಕಿ ಬಿನಶೇತ್ಕಿ ಪ್ಲಾಟು, ಕ್ಷೇತ್ರ 2 ಗುಂಟೆ 4 ಆಣೆ ಎಂಬ ಧಾಟಿ ಅದು. ಇಂದಿನ ಓದುಗ ಒಂದೇ ಸಾಲಿನಲ್ಲಿ ನಾಲ್ಕು ಕಡೆ ಮುಗ್ಗರಿಸುತ್ತಾನೆ. ಮೌಜೆ ಎಂದರೆ ಕಂದಾಯದ ಲೆಕ್ಕದ ಊರು. ರಿ.ಸ. ಎಂದರೆ ರಿವಿಜನ್ ಸರ್ವೆ. ಆಣೆ ಇಲ್ಲಿ ದುಡ್ಡಲ್ಲ, ಗುಂಟೆಯ ಹದಿನಾರನೇ ಪಾಲು. ಗುಂಟೆಗೆ 33 ಅಡಿ ಚೌಕ, ಅಂದರೆ 1,089 ಚದರಡಿಯಾದ್ದರಿಂದ ಎರಡು ಗುಂಟೆ ನಾಲ್ಕಾಣೆ ಜಾಗೆ 2,450 ಚದರಡಿಯಷ್ಟಾಯಿತು. ಮಾರುವುದು ಹೊಲವಾಗಿದ್ದರೆ 'ಆಕಾರ' ಎಂಬ ಮಾತೂ ಸೇರುತ್ತದೆ. ಅದು ಹೊಲದ ರೂಪವಲ್ಲ, ಅದರ ಮೇಲಿನ ಕಂದಾಯ. ಇವಿಷ್ಟೂ ಒಮ್ಮೆ ಹೇಳಿದರೆ ತಿಳಿಯುವಂಥವು. ಬಿನಶೇತ್ಕಿಯ ಅರ್ಥ ಹೇಳಿದ ಮೇಲೂ ಹೇಳಬೇಕಾದ್ದು ಉಳಿಯುತ್ತದೆ.

ಶೇತಕಿ ಮರಾಠಿಯಲ್ಲಿ ಒಕ್ಕಲುತನ. ಬಿನ ಎಂದರೆ ಇಲ್ಲದ್ದು, ಬಿಟ್ಟದ್ದು. ಒಕ್ಕಲುತನ ಬಿಟ್ಟ ನೆಲ ಬಿನಶೇತ್ಕಿ. 'ಬಿನ್ ಶೇತ್ಕಿ' ಎಂದು ಬಿಡಿಸಿ ಅಚ್ಚಾದರೆ ಮೈಸೂರು ಕಡೆಯವರು ತಬ್ಬಿಬ್ಬಾಗುವುದು ಸಹಜ. ಅವರ ಕಾಗದಪತ್ರಗಳಲ್ಲಿ ತಂದೆಯ ಹೆಸರಿನ ಮುಂದೆ ಕೂರುವ ಬಿನ್ ಅರಬ್ಬಿಯಿಂದ ಬಂದದ್ದು, ಅದಕ್ಕೆ ಮಗ ಎಂದರ್ಥ. ಈ ಬಿನ ಬೇರೆ, ಸಂಸ್ಕೃತದ ವಿನಾ ಸವೆದು ಆದದ್ದು. ಶೇತದ ಮೂಲ ಕ್ಷೇತ್ರ. ಹಾಗಾಗಿ ಆ ಜಾಹೀರಾತಿನಲ್ಲಿ ಒಂದೇ ಶಬ್ದ ಎರಡು ವೇಷದಲ್ಲಿ ಕೂತಿದೆ. ಸವೆದ ಶೇತ್ಕಿ ನೇಗಿಲು ಹೂಡುವ ಹೊಲವನ್ನು ಇನ್ನೂ ನೆನೆಯುತ್ತದೆ. ಸವೆಯದೆ ಉಳಿದ ಕ್ಷೇತ್ರ ಬರೀ ಅಳತೆಯಾಗಿದೆ.

ಇದು ಗುಮಾಸ್ತರ ಚಾಳಿಯಿಂದ ಉಳಿದ ಶಬ್ದವಲ್ಲ, ಕಾನೂನಿನ ಭಾರ ಹೊತ್ತ ಶಬ್ದ. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಧಾರವಾಡ ಸೀಮೆ ಮುಂಬಯಿ ಸರಕಾರಕ್ಕೆ ಸೇರಿತು. 1879ರ ಮುಂಬಯಿ ಭೂಕಂದಾಯ ಕಾಯಿದೆ, ಸಾಗುವಳಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ಕಲೆಕ್ಟರರ ಪರವಾನಗಿ ಬೇಕೆಂದಿತು. 1948ರ ಮುಂಬಯಿ ಗೇಣಿ ಕಾಯಿದೆ ಒಕ್ಕಲಿಗನಲ್ಲದವನಿಗೆ ಹೊಲ ಮಾರುವುದನ್ನೇ ತಡೆಯಿತು. 1961ರ ಭೂಸುಧಾರಣೆ ಕಾಯಿದೆಯಲ್ಲೂ ಆ ತಡೆ ಮುಂದುವರಿದು, 2020ರ ತಿದ್ದುಪಡಿಯವರೆಗೆ ಉಳಿಯಿತು. ಅಷ್ಟು ವರ್ಷ ಈ ಒಂದು ಶಬ್ದ ಇದೆಯೇ ಇಲ್ಲವೇ ಎಂಬುದರ ಮೇಲೆ ಮಾಸ್ತರರು, ಅಂಗಡಿಕಾರರು, ರೇಲ್ವೆ ನೌಕರರು ಆ ಜಾಗೆ ಕೊಳ್ಳಬಹುದೋ ಇಲ್ಲವೋ ತೀರ್ಮಾನವಾಗುತ್ತಿತ್ತು. 'ಎನ್ಎ ಆಗೇತೇನ್ರೀ?' ಎಂದು ಇವತ್ತಿಗೂ ಮೊದಲು ಕೇಳುವುದು ಅದಕ್ಕೇ; ಎನ್ಎ ಎಂದರೆ ನಾನ್-ಅಗ್ರಿಕಲ್ಚರಲ್, ಬಿನಶೇತ್ಕಿಯ ಇಂಗ್ಲಿಷ್ ರೂಪ. ಬಿನಶೇತ್ಕಿಯಾದ ಮೇಲೆ ಸರ್ವೆ ನಂಬರು ಒಡೆದು ಪ್ಲಾಟುಗಳಾಗಿ ದಾಖಲಾಗಲು ಕಮಿ-ಜಾಸ್ತಿ ಪತ್ರಿಕೆ ಆಗಬೇಕು; ಜಾಹೀರಾತುಗಳಲ್ಲಿ ಕಾಣುವ 'ಕೆಜೆಪಿ' ಅದೇ.

ಮರಾಠಿ ಕಚೇರಿ ನಮ್ಮ ಮೇಲೆ ಹೇರಿದ ಶಬ್ದವಿದು, ಇದಕ್ಕೇಕೆ ಮಮತೆ ಎಂಬ ಆಕ್ಷೇಪವಿದೆ. ಅದರ ಹಿಂದಿನ ನೋವು ನಿಜವಾದದ್ದು. ಆ ಯಜಮಾನಿಕೆಗೆ ಎದುರಾಗಿಯೇ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆದರೆ ಬಂದ ದಾರಿ ಯಾವುದಾದರೂ, ಶಬ್ದ ಇಲ್ಲಿನ ನಾಲಿಗೆಗೆ ಹೊಂದಿಕೊಂಡು ಬಾಳಿದೆ. 'ಬಿನಶೇತ್ಕಿ ಮಾಡಿಸಿದ', 'ಬಿನಶೇತ್ಕಿ ಆಗೇತಿ' ಎಂದು ಕನ್ನಡದ ಕ್ರಿಯಾಪದ ಹಿಡಿದು ನಡೆಯಿತು. ಇನ್ನೊಂದು ಆಕ್ಷೇಪಕ್ಕೆ ಬಲ ಹೆಚ್ಚು. ಮೈಸೂರು ಕಡೆ ಅನ್ಯಕ್ರಾಂತ ಎಂಬ ಮಾತಿದೆ, ಈಗ ಎಲ್ಲೆಡೆ ಭೂಪರಿವರ್ತನೆ ಬಂದಿದೆ. ಕೊಳ್ಳುವವನಿಗೆ ತಿಳಿಯುವ ಶಬ್ದವೇ ಸಾಕಲ್ಲವೇ? ಹೊಸ ಕಾಗದಕ್ಕೆ ಸಾಕು, ಒಪ್ಪುತ್ತೇನೆ. ಆದರೆ ಅರ್ಥದ ತೂಕ ನೋಡಿ. ಅನ್ಯಕ್ರಾಂತ ನೆಲ ಬೇರೆಯದಕ್ಕೆ ಸಂದಿತು ಎನ್ನುತ್ತದೆ, ಏನು ಕಳೆಯಿತೆಂದು ಹೇಳುವುದಿಲ್ಲ. ಭೂಪರಿವರ್ತನೆ ಬದಲಾಯಿತು ಎನ್ನುತ್ತದೆ; ಸುಧಾರಿಸಿತು ಎಂಬ ದನಿಯನ್ನೂ ಸೇರಿಸುತ್ತದೆ. ನೆಲ ಬಿಟ್ಟುಕೊಟ್ಟದ್ದನ್ನು ಹೆಸರಿಟ್ಟು ಹೇಳುವುದು ಬಿನಶೇತ್ಕಿ ಒಂದೇ. ಆದ್ದರಿಂದ ಹಳೆಯ ಜಾಹೀರಾತನ್ನು ಮರುಮುದ್ರಿಸುವವರು ಅದನ್ನು ತಿದ್ದಬಾರದು, ಪಕ್ಕದಲ್ಲಿ ಅರ್ಥ ಕೊಟ್ಟರಾಯಿತು.

ಗಬ್ಬೂರಿನಂಥ ಊರಿನಲ್ಲಿ ಈ ಶಬ್ದದ ತೂಕ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹುಬ್ಬಳ್ಳಿಯ ದಕ್ಷಿಣ ಅಂಚಿನಲ್ಲಿ, ಬೆಂಗಳೂರು ಹೆದ್ದಾರಿಯಿಂದ ನರೇಂದ್ರದ ಕಡೆಗೆ ಬೈಪಾಸು ಕವಲೊಡೆಯುವುದು ಇಲ್ಲೇ. ಸುತ್ತಲಿನದು ಹತ್ತಿ, ಜೋಳ ಬೆಳೆಯುವ ಎರಿ ಸೀಮೆ. ಇಂಥ ಕಡೆ ಒಂದು ಸರ್ವೆ ನಂಬರು ಹೊಲವಾಗಿರುವುದನ್ನು ಬಿಡುತ್ತ ಹೋಗುವುದನ್ನು ಜಾಹೀರಾತಿನ ಚತುಸ್ಸೀಮೆಯಲ್ಲೇ ಓದಬಹುದು. ಲೇಔಟು ಹೊಸದಾಗಿದ್ದಾಗ ಅಂಚಿನ ಪ್ಲಾಟಿಗೆ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಹೊಲದ ಬದು. ಆ ಹೊಲವೂ ಬಿನಶೇತ್ಕಿಯಾದ ಮೇಲೆ ಬದುವಿನ ಜಾಗದಲ್ಲಿ ಇನ್ನೊಂದು ಪ್ಲಾಟಿನ ನಂಬರು.