ಕುಣಿಮಗ್ಗದವರ ನಡು ನೋವು: ಒಂದು ಚರಿತ್ರೆ

ಇಳಕಲ್ ಸೀರೆಯ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಟೋಪ ತೆನಿ ಸೆರಗು, ಚಿಕ್ಕಿ ಪರಾಸ, ಗೋಮಿ ದಡಿ, ಮೇಲೊಂದಿಷ್ಟು ಕಸೂತಿ... ಎಲ್ಲದರ ಬಗ್ಗೆಯೂ ಓದಲು ಬೇಕಾದಷ್ಟಿದೆ. ಆ ಸೀರೆ ನೇಯ್ದವರ ನಡು ಏನಾಯಿತು ಎಂದು ಬರೆದವರು ಮಾತ್ರ ಕಡಿಮೆ. ನಮ್ಮದು ಹುನಗುಂದ ತಾಲ್ಲೂಕು, ನೇಕಾರರ ಓಣಿ. ಸಂಜೆ ಕಟ್ಟೆಯ ಮೇಲೆ ಕೂತವರ ಮಾತು ಮಳೆಯಿಂದ ಶುರುವಾದರೂ ಟೊಂಕಕ್ಕೇ ಬಂದು ನಿಲ್ಲುತ್ತದೆ. ಹಾಗಾಗಿ ಕೆಲವು ವರ್ಷಗಳಿಂದ ಈ ನೋವಿನ ಚರಿತ್ರೆಯನ್ನು ಓದುತ್ತಾ ಬಂದಿದ್ದೇನೆ. ನಾನು ವೈದ್ಯನಲ್ಲ, ಓದಿದ್ದನ್ನು ನಮ್ಮ ಊರಿನ ಕಣ್ಣಿನಿಂದ ನೋಡಿ ಬರೆಯುತ್ತಿದ್ದೇನೆ.

ಮೊದಲು ಮಗ್ಗದ ವಿಷಯ, ನೋಡದವರಿಗಾಗಿ. ಕುಣಿಮಗ್ಗ ಅಂದರೆ ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗ. ನೇಕಾರ ನೆಲದ ಮಟ್ಟದಲ್ಲಿ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಮಣೆ ತುಳಿಯುತ್ತಾನೆ. ಒಂದು ಕೈ ಲಾಳಿಯ ಹಗ್ಗ ಜಗ್ಗುತ್ತದೆ, ಇನ್ನೊಂದು ಕೈ ಹೊಕ್ಕನ್ನು ಬಡಿಯುತ್ತದೆ. ಎಳೆ ಹರಿದರೆ ಮುಂದಕ್ಕೆ ಬಗ್ಗಿ ಗಂಟು ಹಾಕಬೇಕು. ಇಳಕಲ್ ಸೀರೆಯಲ್ಲಂತೂ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಈ ಸೀರೆಯ ಹೆಚ್ಚುಗಾರಿಕೆಯೇ ಆ ಕೊಂಡಿ. ಅಷ್ಟೂ ಹೊತ್ತು ಕತ್ತು ಕೆಳಗೆ, ಬೆನ್ನು ಬಾಗಿ. ಮನೆಯ ಹೆಣ್ಣುಮಕ್ಕಳು ಪಕ್ಕದಲ್ಲಿ ನೆಲಕ್ಕೆ ಕೂತು ಕಂಡಿಕೆ ಸುತ್ತುತ್ತಾರೆ. ಅವರದೂ ಅದೇ ಕಥೆ, ಮೇಲೆ ಅಡಿಗೆ ಕೆಲಸ ಬೇರೆ. ಗುಳೇದಗುಡ್ಡದ ಖಣ ನೇಯುವವರಿಗೂ ಕಮತಗಿಯವರಿಗೂ ಇದು ಹೊಸದಲ್ಲ.

ಕೈಕಸುಬಿನವರ ಕಾಯಿಲೆಗಳನ್ನು ಮೊದಲ ಬಾರಿಗೆ ಒಂದು ಪುಸ್ತಕವಾಗಿ ಕೂಡಿಸಿದವನು ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಝಿನಿ. 1700ರಲ್ಲಿ ಅವನ ಪುಸ್ತಕ ಬಂತು, 1713ರಲ್ಲಿ ಇನ್ನಷ್ಟು ಕಸುಬುಗಳನ್ನು ಸೇರಿಸಿ ಎರಡನೇ ಆವೃತ್ತಿ ಬಂತು. ರೋಗಿಯನ್ನು ನೋಡುವಾಗ "ನಿನ್ನ ಕಸುಬು ಏನು?" ಎಂದೂ ಕೇಳಬೇಕು ಅನ್ನುವುದು ಅವನು ವೈದ್ಯಲೋಕಕ್ಕೆ ಕೊಟ್ಟ ದೊಡ್ಡ ಪಾಠ. ನೇಕಾರರೂ ಅವನ ಕಣ್ಣಿಗೆ ಬಿದ್ದಿದ್ದರು. ಇಂಗ್ಲಿಷ್ ವೈದ್ಯರಂತೂ ಗಟ್ಟಿ ಹಲಗೆಯ ಮೇಲೆ ಕೂತು ಕೂತು ಕುಂಡಿಯ ಎಲುಬಿನ ಹತ್ತಿರ ಬಾವು ಬರುವ ಒಂದು ಕಾಯಿಲೆಗೆ ನೇಕಾರರ ಹೆಸರನ್ನೇ ಇಟ್ಟುಬಿಟ್ಟರು, ನೇಕಾರನ ಕುಂಡಿ ಅಂತ! ನಗಬೇಡಿ, ಹಳೆಯ ವೈದ್ಯಗ್ರಂಥಗಳಲ್ಲಿ ಇರುವ ಹೆಸರದು.

ನಮ್ಮ ಕಡೆ ಏನಿತ್ತು? ಆಯುರ್ವೇದ ಇದನ್ನೆಲ್ಲ ವಾತದ ಲೆಕ್ಕಕ್ಕೆ ಹಾಕಿತು. ನಡುವಿನಿಂದ ಕಾಲಿಗೆ ಇಳಿಯುವ ನೋವಿಗೆ ಗೃಧ್ರಸಿ ಎಂಬ ಹೆಸರು, ರೋಗಿಯ ನಡಿಗೆ ಹದ್ದಿನ ನಡಿಗೆಯಂತಾಗುತ್ತದೆ ಅಂತ. ವ್ಯಾಯಾಮದ ಬಗ್ಗೆಯೂ ಸುಶ್ರುತ ಒಂದು ಅಳತೆ ಹೇಳಿದ್ದಾನೆ: ಮೈಯಲ್ಲಿರುವ ಬಲದ ಅರ್ಧದಷ್ಟು ಮಾತ್ರ ಮಾಡಬೇಕು. ಇನ್ನು ಬಾದಾಮಿ ಚಾಲುಕ್ಯರ ವಂಶದವರು ತಾವೆಂದು ಹೇಳಿಕೊಂಡ ಕಲ್ಯಾಣ ಚಾಲುಕ್ಯರಲ್ಲಿ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ ಬರೆಸಿದ. ಅದರಲ್ಲಿ ಜಟ್ಟಿಗಳ ತಾಲೀಮು ವಿವರವಾಗಿ ಬರುತ್ತದೆ. ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲಿನ ಕಸರತ್ತು. ರಾಜನಿಗೆ ಎಣ್ಣೆ ತಿಕ್ಕುವ ಕ್ರಮವೂ ಇದೆ. ಅಂದರೆ ತಾಲೀಮು ಜಟ್ಟಿಗೆ, ಮಾಲೀಸು ಅರಸನಿಗೆ. ಅವರಿಬ್ಬರ ಮೈಮೇಲಿನ ಬಟ್ಟೆ ನೇಯ್ದವನಿಗೆ ಏನು? ಅವನ ಮೈ ಆ ಗ್ರಂಥದ ವಿಷಯವೇ ಅಲ್ಲ.

ಜನ ತಮ್ಮ ದಾರಿ ತಾವೇ ಹುಡುಕಿಕೊಂಡರು. ನಡ ಹಿಡಿದರೆ ಬಿಸಿ ಎಣ್ಣೆ, ಲಕ್ಕಿ ಸೊಪ್ಪಿನ ಶಾಖ. ಉಳುಕು ಹಿಡಿದರೆ ತಿಕ್ಕಿ ತೆಗೆಯುವವರು. ಕಾಲು ಮುಂದಾಗಿ ಹುಟ್ಟಿದವರ ಕಡೆಯಿಂದ ಬೆನ್ನಿಗೆ ಮೆಲ್ಲಗೆ ಒದೆಸಿಕೊಂಡರೆ ಚಳಕು ಬಿಡುತ್ತದೆ ಎಂಬ ನಂಬಿಕೆ. ತೀರ ಹೆಚ್ಚಾದರೆ ಬರೆ. ಬಾಣಂತಿಯ ನಡ ಗಟ್ಟಿಯಾಗಲಿ ಅಂತ ಅಂಟಿನುಂಡಿ. ಅಮೀನಗಡದ ಕರದಂಟು ಈಗ ಡಬ್ಬಿಯಲ್ಲಿ ಊರೂರಿಗೆ ಹೋಗುವ ಸಿಹಿ, ಆದರೆ ಕರಿದ ಅಂಟು, ಕೊಬ್ಬರಿ, ಬೆಲ್ಲದ ಆ ತಿನಿಸಿನ ಹಿಂದೆ ಇರುವುದು ಇದೇ ನಡುವಿನ ಕಾಳಜಿ. ಅಂಟು ತಿಂದರೆ ನೋವು ಹೋಗುತ್ತದೆ ಎಂದು ಯಾರೂ ಸಿದ್ಧ ಮಾಡಿ ತೋರಿಸಿಲ್ಲ. ಆದರೆ ಹೊಟ್ಟೆಗೆ ಚೆನ್ನಾಗಿ ಬಿದ್ದರೆ ಕೆಟ್ಟದ್ದೂ ಆಗಲಿಕ್ಕಿಲ್ಲ, ಅಲ್ಲವೇ?

ದೊಡ್ಡ ಆಸ್ಪತ್ರೆ ಅಂದರೆ ನಮ್ಮ ಹಿರಿಯರಿಗೆ ಮಿರಜ. ಅಲ್ಲಿ ಡಾ. ವಾನ್ಲೆಸ್ 1894ರಲ್ಲಿ ಕಟ್ಟಿದ ಮಿಶನ್ ಆಸ್ಪತ್ರೆಗೆ ಈ ಭಾಗದ ಜನ ರೈಲು ಹತ್ತಿ ಹೋಗುತ್ತಿದ್ದರು. 1957ರಲ್ಲಿ ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು ಬಂತು. ಬಾಗಲಕೋಟೆಯಲ್ಲಿ 1906ರಿಂದ ಶಾಲೆ ಕಾಲೇಜು ಕಟ್ಟುತ್ತಾ ಬಂದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು ತೆರೆದದ್ದು 2002ರಲ್ಲಿ, ಅಂದರೆ ಜಿಲ್ಲೆಯಾಗಿ ಐದು ವರ್ಷದ ಮೇಲೆ. ಫಿಸಿಯೋಥೆರಪಿ ಎಂಬ ವಿದ್ಯೆಯೇ ನಮ್ಮ ದೇಶದಲ್ಲಿ ಕಾಲೂರಿದ್ದು 1950ರ ದಶಕದ ಮೊದಲಲ್ಲಿ, ಮುಂಬಯಿಯಲ್ಲಿ, ಪೋಲಿಯೋ ಆದ ಮಕ್ಕಳಿಗಾಗಿ. ನೇಕಾರನ ನಡುವಿನ ತನಕ ಅದು ಬರಲು ಇನ್ನೂ ಬಹಳ ಕಾಲ ಹಿಡಿಯಿತು.

ಆ ಹೊತ್ತಿಗೆ ಜಗತ್ತಿನ ವೈದ್ಯರು ನಡು ನೋವಿಗೆ ಏನು ಹೇಳುತ್ತಿದ್ದರು? "ಮಲಗು." 1934ರಲ್ಲಿ ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು, ಬೆನ್ನುಮೂಳೆಯ ನಡುವಿನ ಡಿಸ್ಕ್ ಸರಿದು ನರ ಒತ್ತಿದರೆ ಕಾಲಿಗೆ ನೋವು ಇಳಿಯುತ್ತದೆ ಎಂದು ತೋರಿಸಿಕೊಟ್ಟರು. ಮಾತು ಖರೆ. ಆದರೆ ಆಮೇಲೆ ಸಾದಾ ನಡು ನೋವಿಗೂ ಡಿಸ್ಕೇ ಕಾರಣ ಎನ್ನುವ ರೂಢಿ ಬಿತ್ತು. ಡಿಸ್ಕ್ ಕೂಡಬೇಕಾದರೆ ಅಲುಗಾಡಬಾರದು. ಅಲ್ಲಿಗೆ ವಾರಗಟ್ಟಲೆ ಹಾಸಿಗೆ, ತೂಕ ಕಟ್ಟಿ ಎಳೆಯುವುದು, ನಡುಪಟ್ಟಿ. 1947ರಲ್ಲೇ ಇಂಗ್ಲೆಂಡಿನ ರಿಚರ್ಡ್ ಆಶರ್ ಎಂಬ ವೈದ್ಯ, ರೋಗಿಗಳನ್ನು ಸುಮ್ಮನೆ ಮಲಗಿಸುವುದು ಅಪಾಯ ಎಂದು ಬರೆದಿದ್ದ. ಕೇಳಿದವರು ಕಡಿಮೆ.

ಲೆಕ್ಕ ಹಾಕಿ ನೋಡಿದ್ದು 1986ರಲ್ಲಿ. ಅಮೆರಿಕದ ಡಾ. ಡೇಯೊ ಮತ್ತು ಸಂಗಡಿಗರು 203 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ಮಲಗಲು ಹೇಳಿದರು. ನೋವು ಕಡಿಮೆಯಾಗುವುದರಲ್ಲಿ ವ್ಯತ್ಯಾಸ ಬರಲಿಲ್ಲ. ಆದರೆ ಎರಡು ದಿನದವರು ಕೆಲಸ ತಪ್ಪಿಸಿದ ದಿನಗಳು ಶೇಕಡಾ 45ರಷ್ಟು ಕಡಿಮೆ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಗರಸಭೆಯ ನೌಕರರ ಮೇಲೆ ಇನ್ನೊಂದು ಪರೀಕ್ಷೆ. ಮಲಗಿದವರು, ಬೆನ್ನಿನ ಕಸರತ್ತು ಮಾಡಿದವರು, ತಡೆಯುವಷ್ಟರ ಮಟ್ಟಿಗೆ ದಿನದ ಕೆಲಸ ಮಾಡಿಕೊಂಡಿದ್ದವರು, ಹೀಗೆ ಮೂರು ಗುಂಪು. ಬೇಗ ಸುಧಾರಿಸಿದ್ದು ಮೂರನೆಯವರು! ಇದರ ನಡುವೆ 1994ರಲ್ಲಿ ನಡು ನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದು ನೋಡಿದಾಗ ಎಲ್ಲ ಡಿಸ್ಕುಗಳೂ ಸರಿ ಇದ್ದದ್ದು ಶೇಕಡಾ 36 ಜನರಲ್ಲಿ ಮಾತ್ರ. ಫೋಟೋದಲ್ಲಿ ಡಿಸ್ಕ್ ಉಬ್ಬಿ ಕಂಡ ಮಾತ್ರಕ್ಕೆ ನೋವು ಅದರದೇ ಅನ್ನುವಂತಿಲ್ಲ.

ಇದನ್ನೆಲ್ಲ ಓದುವಾಗ ನನಗೆ ನಮ್ಮ ಕಾಕಾನದೇ ನೆನಪು. ಹೆಲ್ಸಿಂಕಿಯ ಫಲಿತಾಂಶ ಬಂದು ಹತ್ತು ವರ್ಷದ ಮೇಲೆ ಅವರಿಗೆ ನಡ ಹಿಡಿಯಿತು. ಪಟ್ಟಣದ ಒಬ್ಬ ಡಾಕ್ಟರು ಫೋಟೋ ನೋಡಿ "ಬೆನ್ನಿನ ಎಲುಬು ಸವದಾವ, ಒಂದೂವರೆ ತಿಂಗಳು ಏಳಬ್ಯಾಡ್ರಿ, ಪಟ್ಟಿ ಬಿಚ್ಚಬ್ಯಾಡ್ರಿ" ಎಂದು ಕಳಿಸಿದರು. ನೇಕಾರಿಕೆ ಕೂಲಿ ಸೀರೆ ಲೆಕ್ಕದ್ದು. ಸಾಹುಕಾರ ನೂಲು ಕೊಡುತ್ತಾನೆ, ಸೀರೆ ಕೊಟ್ಟರೆ ಕೂಲಿ, ಇಲ್ಲದಿದ್ದರೆ ಇಲ್ಲ. ಕಾಕಾ ಒಂದೂವರೆ ತಿಂಗಳು ಮಲಗಿದರು, ಕೈಗಡ ಬೆಳೆಯಿತು. ಎದ್ದ ಮೇಲೆ ಬೆನ್ನು ಮೊದಲಿಗಿಂತ ಬಿಗಿ. ಅದಕ್ಕಿಂತ ಕೆಟ್ಟದ್ದು ಅಂದರೆ "ಸವದಾವ" ಅನ್ನುವ ಆ ಒಂದು ಮಾತು. "ತಮ್ಮಾ, ಬಗ್ಗಿದ್ರ ಮುರೀತೇನೋ ಅನಸ್ತದ" ಅನ್ನುತ್ತಿದ್ದರು. ಮತ್ತೆ ಕುಣಿಗೆ ಇಳಿಯಲೇ ಇಲ್ಲ. ಮಗ್ಗ ಮಾರಿದರು. ಮಗ ಬೆಂಗಳೂರಿಗೆ ಹೋದ. ಒಂದು ಸಲಹೆಯಿಂದ ಒಂದು ಮನೆತನದ ಕಸುಬು ನಿಂತಿತು ಅಂದರೆ ಪೂರ್ತಿ ಸರಿಯಾಗಲಿಕ್ಕಿಲ್ಲ, ಪವರ್‌ಲೂಮಿನ ಹೊಡೆತವೂ ಇತ್ತು. ಆದರೆ ಆ ಮಾತಿನ ಪಾಲು ಸಣ್ಣದಲ್ಲ.

ಆ ಹೆದರಿಕೆಯ ಬಗ್ಗೆಯೂ ಸಂಶೋಧನೆ ಇದೆ. ಸ್ಕಾಟ್ಲೆಂಡಿನ ಮೂಳೆವೈದ್ಯ ಗಾರ್ಡನ್ ವಾಡೆಲ್ 1987ರಲ್ಲಿ, ನಡು ನೋವನ್ನು ಬರೀ ಎಲುಬಿನ ಲೆಕ್ಕದಲ್ಲಿ ನೋಡಬೇಡಿ, ಮನಸ್ಸು, ಮನೆ, ಕೆಲಸ ಎಲ್ಲವನ್ನೂ ಸೇರಿಸಿ ನೋಡಿ ಎಂದ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ 1997ರಿಂದ ಟಿವಿಯಲ್ಲಿ "ಹೆದರಬೇಡಿ, ಓಡಾಡಿಕೊಂಡಿರಿ" ಎಂದು ಪ್ರಚಾರ ಮಾಡಿದರು. ಜನರ ತಿಳಿವಳಿಕೆ ಬದಲಾಯಿತು, ವೈದ್ಯರದ್ದೂ ಬದಲಾಯಿತು, ನಡು ನೋವಿನ ಪರಿಹಾರದ ಅರ್ಜಿಗಳೂ ಇಳಿದವು. ನಮ್ಮ ಕರ್ನಾಟಕದಲ್ಲೇ ಬೆಂಗಳೂರಿನ ಹತ್ತಿರದ ಪ್ರಶಾಂತಿ ಕುಟೀರದಲ್ಲಿ ಬಹುಕಾಲದ ನಡು ನೋವಿನ 80 ಜನರ ಮೇಲೆ ನಡೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಏಳು ದಿನ ಅಲ್ಲೇ ಇಟ್ಟುಕೊಂಡು ಅರ್ಧ ಜನಕ್ಕೆ ಯೋಗ, ಉಳಿದವರಿಗೆ ಬೇರೆ ವ್ಯಾಯಾಮ. ಯೋಗದವರಿಗೆ ಹೆಚ್ಚು ಗುಣ ಕಂಡಿತು. ಸಣ್ಣ ಅಧ್ಯಯನ, ಅವಧಿಯೂ ಬರೀ ಒಂದು ವಾರ. ಆದರೂ ಒಂದು ಮಾತು ಗಮನಿಸಿ, ಅಲ್ಲಿ ಯಾರನ್ನೂ ಮಲಗಿಸಿರಲಿಲ್ಲ.

ಹಾಗಾದರೆ ನೇಕಾರ ದಿನವಿಡೀ ಕೈಕಾಲು ಆಡಿಸುತ್ತಾನಲ್ಲ, ಅವನಿಗೆ ಯಾಕೆ ನೋವು? ನನಗೆ ಬಹಳ ದಿನ ಕಾಡಿದ ಪ್ರಶ್ನೆ ಇದು. 1953ರಲ್ಲಿ ಲಂಡನ್ನಿನ ಜೆರ್ರಿ ಮಾರಿಸ್, ಡಬಲ್ ಡೆಕ್ಕರ್ ಬಸ್ಸಿನಲ್ಲಿ ಮೇಲೆ ಕೆಳಗೆ ಓಡಾಡುವ ಕಂಡಕ್ಟರರಿಗೆ ಕೂತೇ ಇರುವ ಡ್ರೈವರರಿಗಿಂತ ಹೃದಯದ ಕಾಯಿಲೆ ಕಡಿಮೆ ಎಂದು ತೋರಿಸಿದ. ಅಲ್ಲಿಂದ "ಮೈ ಆಡಿಸಿ" ಎಂಬ ಮಾತಿಗೆ ಬಲ ಬಂತು. ಆದರೆ ಈಚೆಗೆ ಡೆನ್ಮಾರ್ಕಿನವರು ಇನ್ನೊಂದು ಸಂಗತಿ ಎತ್ತಿದ್ದಾರೆ. ಬಿಡುವಿನಲ್ಲಿ ಮಾಡುವ ಓಡಾಟದಿಂದ ಸಿಗುವ ಲಾಭ ಹೊಟ್ಟೆಪಾಡಿನ ದುಡಿತದಿಂದ ಸಿಗುವುದಿಲ್ಲ. ಅಲ್ಲಿ ಒಂದೇ ಭಂಗಿ, ಒಂದೇ ಚಲನೆ, ದಣಿದಾಗ ನಿಲ್ಲಿಸುವ ಸ್ವಾತಂತ್ರ್ಯವೂ ಇಲ್ಲ. ಮಗ್ಗದ ಮೇಲೆ ಕೈಕಾಲು ಸಾವಿರ ಸಲ ಆಡುತ್ತವೆ, ನಡ ಮಾತ್ರ ಬಾಗಿದ್ದಲ್ಲೇ ಬಾಗಿರುತ್ತದೆ. ಇಳಕಲ್ಲಿನ ಕೆಂಪು ಕಲ್ಲಿನ ಗಣಿಯಲ್ಲಿ ದುಡಿಯುವವರಿಗೂ ಇದೇ ಮಾತು. ಅವರಿಗೆ ಹೋಗಿ "ವ್ಯಾಯಾಮ ಮಾಡ್ರಿ" ಅಂದರೆ ನಗುತ್ತಾರೆ. ನಗುವುದು ನ್ಯಾಯವೇ.

1987ರಲ್ಲಿ ಉತ್ತರ ಯುರೋಪಿನ ಸಂಶೋಧಕರು ಕುತ್ತಿಗೆ, ಭುಜ, ನಡು, ಮೊಣಕಾಲು ಎಂದು ಮೈಯ ಭಾಗಭಾಗಕ್ಕೂ ನೋವು ಕೇಳುವ ಒಂದು ಪ್ರಶ್ನಾವಳಿ ಮಾಡಿದರು. ಅದನ್ನು ಹಿಡಿದುಕೊಂಡು ನಮ್ಮ ದೇಶದ ಕೈಮಗ್ಗದವರ ಮೇಲೂ ಹಲವು ಅಧ್ಯಯನಗಳಾಗಿವೆ. ಬಹುತೇಕ ಎಲ್ಲದರಲ್ಲೂ ನಡು ನೋವು ಮುಂದಿನ ಸಾಲಿನಲ್ಲಿದೆ. ಇರಾನಿನ ಸಂಶೋಧಕರು ಅಲ್ಲಿಯ ಜಮಖಾನೆ ನೇಕಾರರನ್ನು ನೋಡಿ, ಆಸನದ ಎತ್ತರ ಇಷ್ಟಿರಲಿ, ನೇಯುವ ಮಟ್ಟ ಇಲ್ಲಿರಲಿ ಎಂದು 2007ರಲ್ಲಿ ಮಗ್ಗವನ್ನೇ ತಿದ್ದುವ ಸಲಹೆ ಕೊಟ್ಟರು. ನನಗೆ ಮೆಚ್ಚುಗೆಯಾದದ್ದು ಇದು. ಮೈಯನ್ನು ಮಗ್ಗಕ್ಕೆ ಹೊಂದಿಸುವ ಬದಲು ಮಗ್ಗವನ್ನು ಮೈಗೆ ಹೊಂದಿಸುವುದು. 2019-20ರ ಗಣತಿಯಂತೆ ದೇಶದಲ್ಲಿ ಕೈಮಗ್ಗದವರು 35 ಲಕ್ಷದ ಮೇಲಿದ್ದಾರೆ. ಇವರ ಕಸುಬಿಗೆ ಸಾಲ ಇದೆ, ಮೇಳ ಇದೆ, ಭೌಗೋಳಿಕ ಗುರುತು ಇದೆ. ಕೂರುವ ಹಲಗೆಯ ಬಗ್ಗೆಯೂ ಅಷ್ಟೇ ಯೋಚನೆ ಬೇಡವೇ?

2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದ ನಡು ನೋವಿಗೆ ಮೊದಲ ಬಾರಿ ಮಾರ್ಗಸೂಚಿ ಕೊಟ್ಟಿತು. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನಕ್ಕೆ ನಡು ನೋವಿತ್ತು ಎಂಬುದು ಅದು ಹೇಳುವ ಅಂಕಿ. ಬೇಕಾದದ್ದು ತಿಳಿವಳಿಕೆ, ವ್ಯಾಯಾಮ, ಮನಸ್ಸಿಗೆ ಧೈರ್ಯ ಕೊಡುವ ಚಿಕಿತ್ಸೆ, ಮಾಲೀಸಿನಂಥ ಕೆಲವು ಕೈಚಿಕಿತ್ಸೆ. ಸಾಮಾನ್ಯವಾಗಿ ಬೇಡವಾದದ್ದು ನಡುಪಟ್ಟಿ, ತೂಕ ಕಟ್ಟಿ ಎಳೆಯುವುದು, ಅಫೀಮಿನ ಜಾತಿಯ ನೋವಿನ ಗುಳಿಗೆ. ಕಾಕಾನಿಗೆ ಸಿಕ್ಕ ನಡುಪಟ್ಟಿ ಈಗ ಬೇಡದ ಪಟ್ಟಿಯಲ್ಲಿದೆ! ಒಂದು ಎಚ್ಚರಿಕೆ: ಕಾಲು ಸೋಲುವುದು, ಮರಗಟ್ಟುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರ, ತೂಕ ಇಳಿಯುವುದು, ಬಿದ್ದ ಮೇಲೆ ಬಂದ ನೋವು, ಇವಿದ್ದರೆ ತಡಮಾಡದೆ ವೈದ್ಯರ ಹತ್ತಿರ ಹೋಗಲೇಬೇಕು.

ನಮ್ಮ ನಾಡಿಗೆ ಓಡಾಟ ಹೊಸತಲ್ಲ. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ ನಡೆದು ಹೋಗುವವರು, ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರು, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರು, ಪಂಚಮಿಗೆ ಜೋಕಾಲಿ ಜೀಕುವ ಹೆಣ್ಣುಮಕ್ಕಳು. ಕೊರತೆ ಇರುವುದು ದಿನದ ನಡುವಿನ ಬಿಡುವಿನದು. ಅರ್ಧ ತಾಸಿಗೊಮ್ಮೆ ಕುಣಿಯಿಂದ ಮೇಲೆದ್ದು ಓಣಿಯಲ್ಲಿ ನಾಲ್ಕು ಹೆಜ್ಜೆ ಹಾಕಿ, ನಡ ಹಿಂದಕ್ಕೆ ಚಾಚಿ ಬರುವುದಕ್ಕೆ ದುಡ್ಡು ಬೇಡ. ಆದರೆ ಸೀರೆ ಲೆಕ್ಕದ ಕೂಲಿಯಲ್ಲಿ ಆ ನಾಲ್ಕು ಹೆಜ್ಜೆಯೂ ನೇಕಾರನ ಕಿಸೆಯಿಂದಲೇ ಹೋಗುತ್ತದೆ. ನನ್ನ ಮಟ್ಟಿಗೆ ಈ ಚರಿತ್ರೆಯ ಮುಂದಿನ ಪುಟ ಬರೆಯಬೇಕಾದವರು ವೈದ್ಯರಷ್ಟೇ ಅಲ್ಲ, ಸೀರೆಗೆ ಕೂಲಿ ಕಟ್ಟುವವರು, ಕೊಳ್ಳುವ ನಾವು ಕೂಡ.

ನಿಮ್ಮ ಓಣಿಯಲ್ಲಿ ಯಾರಾದರೂ ಮಗ್ಗದ ಹಲಗೆ ಎತ್ತರಿಸಿಕೊಂಡೋ, ಕುಣಿ ತಿದ್ದಿಕೊಂಡೋ ನೋವು ಕಡಿಮೆ ಮಾಡಿಕೊಂಡಿದ್ದರೆ ದಯವಿಟ್ಟು ತಿಳಿಸಿ. ಅಂಥ ಅನುಭವವನ್ನು ಬರೆದಿಡುವುದೂ ಒಂದು ಕೆಲಸ.