ಬ್ಯಾಕ್ಟೀರಿಯಾದ ಮೈ ತೋರಿಸುವ ಯಂತ್ರ

ಇದು ಎಕ್ಸ್-ರೇ ಫೋಟೊಎಲೆಕ್ಟ್ರಾನ್ ಸ್ಪೆಕ್ಟ್ರೋಮೀಟರ್. ಈ ವಿಧಾನವನ್ನು ಸ್ವೀಡನ್ನಿನ ಉಪ್ಸಲಾದಲ್ಲಿ 1950ರ ದಶಕದಿಂದ ಬೆಳೆಸಿದ ಕಾಯ್ ಸೀಗ್‌ಬಾನ್ ಅವರಿಗೆ 1981ರಲ್ಲಿ ನೊಬೆಲ್ ಸಂದಿತು. ಉಕ್ಕಿನ ಕೋಣೆಯೊಳಗೆ ಗಾಳಿಯಿಲ್ಲ. ಹಾಗಾಗಿ ಬ್ಯಾಕ್ಟೀರಿಯಾವನ್ನು ಒಣಗಿಸಿ ಇಲ್ಲವೇ ಹೆಪ್ಪುಗಟ್ಟಿಸಿ ಇಡಬೇಕು. ಕ್ಷ-ಕಿರಣ ತಾಗಿ ಹೊರಚಿಮ್ಮುವ ಎಲೆಕ್ಟ್ರಾನುಗಳು ಹೊರಗಿನ ಸುಮಾರು 10 ನ್ಯಾನೋಮೀಟರ್ ಪದರದ ಸುದ್ದಿಯನ್ನಷ್ಟೇ ತರುತ್ತವೆ.

ಪಕ್ಕದ ಆಲೇಖದಲ್ಲಿ ಇಂಗಾಲದ ಉಬ್ಬನ್ನು ನೋಡಿ: 285 ಎಲೆಕ್ಟ್ರಾನ್ ವೋಲ್ಟ್ ಬಳಿ ಕೊಬ್ಬು, 286.5ರ ಬಳಿ ಸಕ್ಕರೆ, 288ರ ಬಳಿ ಪ್ರೋಟೀನು.

ಕೃಷ್ಣಾ–ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿಗೆ ಇದು ದೂರದ ವಿಷಯವಲ್ಲ. ಹಟ್ಟಿ ಚಿನ್ನದ ಗಣಿ ಇರುವುದು ಇಲ್ಲಿಯೇ. ಅದಿರಿಗೆ ಅಂಟಿಕೊಂಡು ಗಂಧಕದ ಖನಿಜದಿಂದ ಚಿನ್ನ ಬಿಡಿಸುವ ಬ್ಯಾಕ್ಟೀರಿಯಾಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಎ. ನಟರಾಜನ್ ದಶಕಗಳ ಕಾಲ ಅಭ್ಯಸಿಸಿದರು. ಆ ಅಂಟುವಿಕೆ ನಡೆಯುವುದು ಇದೇ ತೆಳು ಪದರದಲ್ಲಿ.